ಗೋಡೆಯಿಂದ ಶುರು ಮಾಡಿ: ಮನೆಗೊಂದು ಕ್ಯಾಮೆರಾ, ಒಂದು ಫೋಟೋ ಪ್ರಿಂಟರ್

ಹೋದ ಸೆಮ್ ರಜೆಯಲ್ಲಿ ನಾವು ಮೂವರು ರೂಂಮೇಟ್‌ಗಳು ನಮ್ಮಲ್ಲೊಬ್ಬನ ಊರಿಗೆ ಹೋಗಿದ್ವಿ. ತೀರ್ಥಹಳ್ಳಿಯಿಂದ 9 ಕಿಲೋಮೀಟರ್ ಒಳಗೆ, ತೋಟದ ನಡುವೆ ಮನೆ. ಅವನ ಅಜ್ಜ ತೀರಿಕೊಂಡು ಒಂದು ವರ್ಷ ಆಗಿತ್ತು. ಜಗಲಿಯ ಗೋಡೆ ಮೇಲೆ ದೊಡ್ಡ ಫ್ರೇಮಿನಲ್ಲಿ ಅಜ್ಜನ ಫೋಟೋ, ಅದಕ್ಕೊಂದು ಗಂಧದ ಹಾರ. ಹತ್ತಿರ ಹೋಗಿ ನೋಡಿದ್ರೆ ಮುಖವೇ ಸರಿಯಾಗಿ ಕಾಣಲ್ಲ. ಕಣ್ಣು ಎರಡು ಕಪ್ಪು ಮಚ್ಚೆ, ಮೀಸೆ ಒಂದು ಗೆರೆ. ಯಾವುದೋ ಮದುವೆಯ ಗ್ರೂಪ್ ಫೋಟೋನ ವಾಟ್ಸಾಪ್‌ನಿಂದ ತೆಗೆದು, ಅಜ್ಜನ್ನ ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ರಂತೆ. ಬೇರೆ ಫೋಟೋ ಇರಲೇ ಇಲ್ಲ. ಇದ್ದವೆಲ್ಲ ಒಂದು ಹಳೇ ಫೋನಿನ ಜೊತೆಗೇ ಹೋಗಿದ್ವು.

ಅಜ್ಜಿ ದಿನಾ ಬೆಳಗ್ಗೆ ಆ ಫ್ರೇಮಿಗೆ ಹೂ ಇಡ್ತಾರೆ. ನಾವಿದ್ದಾಗಲೂ ಇಟ್ರು. ಇಟ್ಟು, ಸೆರಗಲ್ಲಿ ಗಾಜು ಒರೆಸಿ, "ಎಷ್ಟು ಒರೆಸಿದ್ರೂ ಇದು ಅವ್ರ ಹಂಗೆ ಕಾಣಲ್ಲ" ಅಂದ್ರು.

ಅವತ್ತು ರಾತ್ರಿ ಊಟ ಆದಮೇಲೆ ನಮ್ಮ ಸ್ನೇಹಿತನ ಅಪ್ಪ 30,000 ರೂಪಾಯಿ ತಂದು ಮುಂದಿಟ್ರು. "ದೀಪಾವಳಿಗೆ ಎಲ್ರೂ ಬರ್ತಾರೆ. ಅಷ್ಟರೊಳಗೆ ಮನೆಗೊಂದು ಕ್ಯಾಮೆರಾ, ಫೋಟೋ ತೆಗೆದ್ರೆ ಪ್ರಿಂಟ್ ಹಾಕೋ ಮಷಿನ್ ಒಂದು ತನ್ನಿ. ಇಂಜಿನಿಯರಿಂಗ್ ಓದ್ತಿದೀರಲ್ಲ ಮಾರಾಯ್ರಾ, ಅಷ್ಟು ಆರ್ಸಕ್ಕೆ ಆಗಲ್ವಾ?"

ಆಗುತ್ತೆ ಅಂದ್ವಿ. ನಿಜ ಹೇಳ್ಬೇಕಂದ್ರೆ ನಮಗೆ ಏನೂ ಗೊತ್ತಿರಲಿಲ್ಲ. ಎರಡು ತಿಂಗಳು ಓದಿ, ಅಂಗಡಿ ಸುತ್ತಿ, ಒಂದೆರಡು ಸಲ ಎಡವಿ ಕಲಿತಿದ್ದನ್ನ ಇಲ್ಲಿ ಬರೀತಿದೀವಿ. ನಿಮ್ಮ ಮನೆಯಲ್ಲೂ ಯಾರಾದ್ರೂ ಇದೇ ಪ್ರಶ್ನೆ ಕೇಳ್ತಾರೆ. ನಾವು ಮೂವರೂ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಕೆಲವು ಪದ ಇಂಗ್ಲಿಷಿನದ್ದೇ ಉಳ್ಕೊಂಡಿದೆ. ಬೈಬೇಡಿ.

ಮೊದಲು ಗೋಡೆ, ಆಮೇಲೆ ಕ್ಯಾಮೆರಾ

ಎಲ್ಲರೂ "ಯಾವ ಕ್ಯಾಮೆರಾ ಒಳ್ಳೇದು?" ಅಂತ ಶುರು ಮಾಡ್ತಾರೆ. ನಾವೂ ಹಾಗೇ ಮಾಡಿದ್ವಿ. ಅದು ಉಲ್ಟಾ. ಮೊದಲು ಕೇಳಬೇಕಾದ್ದು: ಫೋಟೋ ಕೊನೆಗೆ ಎಲ್ಲಿ ಇರುತ್ತೆ, ಎಷ್ಟು ದೊಡ್ಡದಿರುತ್ತೆ, ಯಾರು ಎಷ್ಟು ದೂರದಿಂದ ನೋಡ್ತಾರೆ?

ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು 1 ಆರ್ಕ್ ಮಿನಿಟ್ ಕೋನದಷ್ಟು ಸಣ್ಣ ವಿವರವನ್ನ ಬೇರ್ಪಡಿಸಿ ನೋಡಬಲ್ಲದು. ಅಂದ್ರೆ ಒಂದು ಡಿಗ್ರಿಯ 60ನೇ ಒಂದು ಭಾಗ. ಕೈಯಲ್ಲಿ ಹಿಡಿದ ಫೋಟೋ ಕಣ್ಣಿಂದ 30 ಸೆಂಟಿಮೀಟರ್ ದೂರ ಅಂತಿಟ್ಕೊಳ್ಳಿ. 300 ಮಿಲಿಮೀಟರನ್ನ 1 ಆರ್ಕ್ ಮಿನಿಟಿನ ಟ್ಯಾನ್‌ನಿಂದ ಗುಣಿಸಿದ್ರೆ 0.087 ಮಿಲಿಮೀಟರ್ ಬರುತ್ತೆ. ಒಂದು ಇಂಚಿನಲ್ಲಿ, ಅಂದ್ರೆ 25.4 ಮಿಲಿಮೀಟರಿನಲ್ಲಿ ಅಂಥವು ಎಷ್ಟು ಹಿಡಿಸುತ್ವೆ? ಹತ್ತಿರ ಹತ್ತಿರ 290. ಫೋಟೋ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅಂತಾರಲ್ಲ, ಅದು ಇದಕ್ಕೆ ಹತ್ತಿರವೇ ಇದೆ.

ಈಗ ಸುಲಭ. ಬೇಕಾದ ಪ್ರಿಂಟ್ ಸೈಜನ್ನ 300ರಿಂದ ಗುಣಿಸಿ:

4×6 ಇಂಚು: 1200×1800, ಅಂದ್ರೆ ಸುಮಾರು 2.2 ಮೆಗಾಪಿಕ್ಸೆಲ್.
5×7 ಇಂಚು: 1500×2100, ಸುಮಾರು 3.2 ಮೆಗಾಪಿಕ್ಸೆಲ್.
8×10 ಇಂಚು: 2400×3000, 7.2 ಮೆಗಾಪಿಕ್ಸೆಲ್.
12×18 ಇಂಚು: 3600×5400, ಸುಮಾರು 19.4 ಮೆಗಾಪಿಕ್ಸೆಲ್. ಇಂಚಿಗೆ 200 ಸಾಕು ಅಂದ್ರೆ 8.6 ಮೆಗಾಪಿಕ್ಸೆಲ್.

ಆಲ್ಬಮ್ಮಿಗೆ ಹಾಕೋ 4×6 ಫೋಟೋಗೆ ಬರೀ 2 ಮೆಗಾಪಿಕ್ಸೆಲ್ ಸಾಕು! ನಮಗೆ ಇದು ದೊಡ್ಡ ಆಶ್ಚರ್ಯ.

ಹಾಗಾದ್ರೆ ಅಜ್ಜನ ಫೋಟೋಗೆ ಏನಾಯ್ತು? ಫೈಲ್ ತರಿಸಿ ನೋಡಿದ್ವಿ. ವಾಟ್ಸಾಪ್ ಮಾಮೂಲಿಯಾಗಿ ಕಳಿಸಿದ ಫೋಟೋನ ಕುಗ್ಗಿಸುತ್ತೆ. ನಮಗೆ ಸಿಕ್ಕಿದ್ದು 1600 ಪಿಕ್ಸೆಲ್ ಅಗಲದ್ದು. ಅದರಲ್ಲಿ 14 ಜನ. ಅಜ್ಜ ಹಿಂದಿನ ಸಾಲಿನಲ್ಲಿ, ತಲೆ ಮತ್ತು ಭುಜ ಸೇರಿ 250 ಪಿಕ್ಸೆಲ್ ಅಗಲ. ಅದನ್ನ 10 ಇಂಚು ಅಗಲದ ಫ್ರೇಮಿಗೆ ಹಿಗ್ಗಿಸಿದ್ರು. 250 ಭಾಗಿಸು 10, ಇಂಚಿಗೆ 25 ಪಿಕ್ಸೆಲ್.

ಗೋಡೆ ಮೇಲಿನ ಫೋಟೋನ ದೂರದಿಂದ ನೋಡ್ತೀವಿ, ಅದಕ್ಕೆ ಕಡಿಮೆ ಸಾಕು ಅಂತ ಎಲ್ಲಾ ಕಡೆ ಬರೆದಿರುತ್ತೆ. ಒಂದೂವರೆ ಮೀಟರ್ ದೂರಕ್ಕೆ ಇದೇ ಸೂತ್ರ ಹಾಕಿದ್ರೆ ಇಂಚಿಗೆ 58 ಪಿಕ್ಸೆಲ್ ಬರುತ್ತೆ. ಲೆಕ್ಕ ತಪ್ಪಲ್ಲ, ಆದ್ರೆ ಹೂ ಇಡುವಾಗ ಅಜ್ಜಿ ನಿಂತಿರೋದು ಒಂದು ಅಡಿ ದೂರದಲ್ಲಿ. ಆ ಮನೆಯಲ್ಲಿ ಗೋಡೆ ಫೋಟೋನೂ ಕೈಯಲ್ಲಿ ಹಿಡಿದು ನೋಡೋ ಫೋಟೋನೇ.

ಮೆಗಾಪಿಕ್ಸೆಲ್ ನಂಬಬೇಡಿ, ಸೆನ್ಸರ್ ಅಳತೆ ಕೇಳಿ

ಮೊದಲನೇ ಸಲ ಎಡವಿದ್ದು ಇಲ್ಲೇ. ಆನ್‌ಲೈನಲ್ಲಿ 5,500 ರೂಪಾಯಿಗೆ ಒಂದು ಕ್ಯಾಮೆರಾ, ಮೇಲೆ ದಪ್ಪ ಅಕ್ಷರದಲ್ಲಿ 48 ಮೆಗಾಪಿಕ್ಸೆಲ್ ಅಂತ. ಆರ್ಡರ್ ಹಾಕೋದೊಂದೇ ಬಾಕಿ. ಕೆಳಗೆ ವಿವರ ಓದಿದ್ರೆ ಸಣ್ಣ ಅಕ್ಷರದಲ್ಲಿ ಸೆನ್ಸರ್ 8 ಮೆಗಾಪಿಕ್ಸೆಲ್ ಅಂತಿತ್ತು. ಉಳಿದ 40 ಎಲ್ಲಿಂದ ಬಂತು? ಇಂಟರ್‌ಪೊಲೇಷನ್. ಅಕ್ಕಪಕ್ಕದ ಎರಡು ಪಿಕ್ಸೆಲ್ ನೋಡಿ ಮಧ್ಯದಲ್ಲಿ ಇನ್ನೊಂದನ್ನ ಊಹಿಸಿ ತುಂಬೋದು. ಹಾಲಿಗೆ ನೀರು ಸೇರಿಸಿದ ಹಾಗೆ, ಲೋಟ ಜಾಸ್ತಿ ಆಗುತ್ತೆ, ಹಾಲು ಅಷ್ಟೇ ಇರುತ್ತೆ.

ನಿಜವಾಗಿ ನೋಡಬೇಕಾದ್ದು ಸೆನ್ಸರ್ ಎಷ್ಟು ದೊಡ್ಡದು ಅಂತ. ಮಳೆಗೆ ಪಾತ್ರೆ ಇಟ್ಟ ಹಾಗೆ, ಬಾಯಿ ಅಗಲ ಇದ್ದಷ್ಟೂ ನೀರು ಜಾಸ್ತಿ. ಇಲ್ಲಿ ನೀರಿನ ಬದಲು ಬೆಳಕು.

ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 1/2.3 ಇಂಚಿನ ಸೆನ್ಸರ್: ಸುಮಾರು 6.2×4.6 ಮಿಲಿಮೀಟರ್, 28 ಚದರ ಮಿಲಿಮೀಟರ್. 1 ಇಂಚು ಅಂತ ಕರೆಯೋ ಸೆನ್ಸರ್ 13.2×8.8 ಮಿಲಿಮೀಟರ್, 116 ಚದರ ಮಿಲಿಮೀಟರ್. ಇದು ನಿಜವಾದ ಒಂದು ಇಂಚು ಅಲ್ಲ, ಹಳೇ ಟಿವಿ ಕ್ಯಾಮೆರಾ ಟ್ಯೂಬಿನ ಹೊರಗಿನ ಅಳತೆಯಿಂದ ಉಳ್ಕೊಂಡು ಬಂದ ಹೆಸರು. ಕ್ಯಾನನ್ ಕಂಪನಿಯ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿರೋ ಎಪಿಎಸ್-ಸಿ ಸೆನ್ಸರ್ ಸುಮಾರು 22.3×14.9 ಮಿಲಿಮೀಟರ್, 332 ಚದರ ಮಿಲಿಮೀಟರ್. ಅಂದ್ರೆ ಕಾಂಪ್ಯಾಕ್ಟಿನ 12 ಪಟ್ಟು.

ಮಲೆನಾಡಿನ ಮನೆ ಒಳಗೆ ಬೆಳಕು ಕಡಿಮೆ. ಸಣ್ಣ ಕಿಟಕಿ, ಮರದ ಅಟ್ಟ. ಅಲ್ಲಿ ಸಣ್ಣ ಸೆನ್ಸರ್ ಸೋಲುತ್ತೆ. ಬೆಳಕು ಸಾಲದೆ ಇದ್ದಾಗ ಕ್ಯಾಮೆರಾ ಐಎಸ್‌ಒ ಏರಿಸುತ್ತೆ, ಚುಕ್ಕಿ ಚುಕ್ಕಿ ನಾಯ್ಸ್ ಬರುತ್ತೆ, ಆ ಚುಕ್ಕಿ ಅಳಿಸೋಕೆ ಸಾಫ್ಟ್‌ವೇರ್ ಮುಖದ ಗೆರೆಗಳನ್ನೂ ಅಳಿಸುತ್ತೆ. ಅಜ್ಜಿಯ ಮುಖದಲ್ಲಿ ನಮಗೆ ಬೇಕಾಗಿರೋದೇ ಆ ಗೆರೆಗಳು.

"ಹಾಗಾದ್ರೆ ಫೋನ್ ಸಾಲದಾ?" ಅಂತ ನೀವು ಕೇಳಬಹುದು. ಹಗಲು ಬೆಳಕಲ್ಲಿ ಧಾರಾಳವಾಗಿ ಸಾಕು. 12 ಮೆಗಾಪಿಕ್ಸೆಲ್ ಫೋನಿನ 4000×3000 ಫೋಟೋನ 10×13 ಇಂಚಿನವರೆಗೂ ಚೆನ್ನಾಗಿ ಪ್ರಿಂಟ್ ಹಾಕಬಹುದು. ದುಡ್ಡಿಲ್ಲ ಅಂದ್ರೆ ಕ್ಯಾಮೆರಾ ಬಿಡಿ, ಫೋನಲ್ಲಿ ತೆಗೆದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕ್ಸಿ. ಆದ್ರೆ ಈ ಮನೆಯವರಿಗೆ ಯಾರ ಜೇಬಿಗೂ ಸೇರದ, ಕಪಾಟಿನಲ್ಲೇ ಇರೋ ಒಂದು ವಸ್ತು ಬೇಕಿತ್ತು. ಫೋನ್ ಕಳೆದು ಫೋಟೋ ಕಳ್ಕೊಂಡವರು ಅವರು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ

ನಮ್ಮ ಬಜೆಟ್ಟಿಗೆ ಹೊಸ ಕ್ಯಾಮೆರಾದಲ್ಲಿ ಸಿಗೋದು ಸಣ್ಣ ಸೆನ್ಸರ್, ಹಳೇದರಲ್ಲಿ ಸಿಗೋದು ದೊಡ್ಡ ಸೆನ್ಸರ್. ಹಳೇದೇ ಆಯ್ಕೆ ಮಾಡಿದ್ವಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಕ್ಯಾನನ್ 1300ಡಿ, ಜೊತೆಗೆ 18-55 ಲೆನ್ಸ್, 15,000 ರೂಪಾಯಿಗೆ ಸಿಕ್ತು. 2016ರ ಮಾಡೆಲ್, 18 ಮೆಗಾಪಿಕ್ಸೆಲ್. ಫೋಟೋ ಅಳತೆ 5184×3456. ಉದ್ದ 18 ಇಂಚಿಗೆ ಹಿಗ್ಗಿಸಿದ್ರೂ ಇಂಚಿಗೆ 288 ಪಿಕ್ಸೆಲ್! ವೈಫೈ ಇದೆ, ಫೋಟೋ ಫೋನಿಗೆ ಬರುತ್ತೆ.

ಅಂಗಡಿಯಲ್ಲಿ ನಾವು ಮಾಡಿದ ಪರೀಕ್ಷೆಗಳು ಇವು, ನೀವೂ ಮಾಡಿ:

1. ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಫೋನಿನ ಟಾರ್ಚ್ ಹಾಕಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆ ಥರ ಎಳೆ ಕಂಡ್ರೆ ಅದು ಫಂಗಸ್. ಎಷ್ಟೇ ಕಡಿಮೆ ಬೆಲೆ ಆದ್ರೂ ಬೇಡ. ನಾವು ನೋಡಿದ ಮೊದಲ ಲೆನ್ಸಿನಲ್ಲಿ ಇತ್ತು, ಬೇರೆ ಕೇಳಿ ತಗೊಂಡ್ವಿ.
2. ಎಫ್ 22ರಲ್ಲಿ ಬಿಳಿ ಗೋಡೆಯ ಫೋಟೋ ತೆಗೀರಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತೆ. ಧೂಳು ಕ್ಲೀನ್ ಮಾಡಿಸಬಹುದು, ಗೀರು ಆಗಲ್ಲ.
3. ಲೆನ್ಸ್ ಕ್ಯಾಪ್ ಮುಚ್ಚಿ, ಕೆಲವು ಸೆಕೆಂಡ್ ಶಟರ್ ತೆರೆದಿಟ್ಟು ಒಂದು ಫೋಟೋ. ಕತ್ತಲಲ್ಲಿ ಹೊಳೆಯೋ ಕೆಂಪು, ನೀಲಿ ಚುಕ್ಕಿ ತುಂಬಾ ಇದ್ರೆ ಅವು ಕೆಟ್ಟ ಪಿಕ್ಸೆಲ್.
4. ಎಷ್ಟು ಕ್ಲಿಕ್ ಆಗಿದೆ ಕೇಳಿ. ಶಟರ್ ಕೂಡ ಸವೆಯೋ ಯಂತ್ರ. ನಿಕಾನ್ ಡಿಎಸ್‌ಎಲ್‌ಆರ್ ಆದ್ರೆ ಫೋಟೋ ಫೈಲಿನ ಒಳಗೇ ಎಣಿಕೆ ಇರುತ್ತೆ.
5. ಫ್ಲ್ಯಾಶ್, ಎಲ್ಲಾ ಬಟನ್, ಕಾರ್ಡ್ ಸ್ಲಾಟ್, ಬ್ಯಾಟರಿ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಪ್ರಿಂಟರ್: ಬೆಲೆ ಅಲ್ಲ, ಒಂದು ಪ್ರಿಂಟಿಗೆ ಎಷ್ಟು

ಪ್ರಿಂಟರಿನಲ್ಲಿ ಮನೆಗೆ ಆಗುವಂಥವು ಮುಖ್ಯವಾಗಿ ಮೂರು ಬಗೆ.

ಕಾರ್ಟ್ರಿಡ್ಜ್ ಇಂಕ್‌ಜೆಟ್: ಪ್ರಿಂಟರ್ ಅಗ್ಗ, ಇಂಕು ದುಬಾರಿ. ಫೋಟೋ ಪ್ರಿಂಟ್ ಹಾಕಿದ್ರೆ ಕಾರ್ಟ್ರಿಡ್ಜ್ ಬೇಗ ಖಾಲಿ. ಇದನ್ನ ನಾವು ಮೊದಲೇ ಕೈಬಿಟ್ವಿ.

ಇಂಕ್ ಟ್ಯಾಂಕ್: ಪ್ರಿಂಟರ್ ದುಬಾರಿ, ಇಂಕು ಬಾಟಲಿಯಲ್ಲಿ ಸಿಗುತ್ತೆ, ಅಗ್ಗ. ತೊಂದರೆ ಏನಂದ್ರೆ ವಾರಗಟ್ಟಲೆ ಉಪಯೋಗಿಸದೆ ಇಟ್ರೆ ನಳಿಕೆಯಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತೆ. ಅದನ್ನ ಬಿಡಿಸೋಕೆ ಹೆಡ್ ಕ್ಲೀನಿಂಗ್ ಮಾಡಿದ್ರೆ ಮತ್ತಷ್ಟು ಇಂಕು ಖರ್ಚು.

ಡೈ ಸಬ್ಲಿಮೇಷನ್: ಸಣ್ಣ ಡಬ್ಬಿ, ಹೆಚ್ಚಾಗಿ 4×6 ಸೈಜು ಮಾತ್ರ. ಇದರಲ್ಲಿ ದ್ರವ ಇಂಕೇ ಇಲ್ಲ. ರಿಬ್ಬನ್ ಮೇಲಿನ ಬಣ್ಣವನ್ನ ಶಾಖದಿಂದ ಕಾಗದಕ್ಕೆ ಇಳಿಸುತ್ತೆ. ಕ್ಯಾನನ್ ಸೆಲ್ಫಿ ಪ್ರಿಂಟರಿನಲ್ಲಿ ಕಾಗದ ನಾಲ್ಕು ಸಲ ಒಳಗೆ ಹೊರಗೆ ಓಡಾಡೋದನ್ನ ನೋಡೋಕೇ ಖುಷಿ: ಹಳದಿ, ಮಜೆಂಟಾ, ಸಯಾನ್, ಕೊನೆಗೆ ರಕ್ಷಣೆಗೆ ಒಂದು ಪಾರದರ್ಶಕ ಪದರ. ತಿಂಗಳುಗಟ್ಟಲೆ ಸುಮ್ಮನಿಟ್ರೂ ಒಣಗೋಕೆ ಏನೂ ಇಲ್ಲ.

ಇಂಕ್‌ಜೆಟ್ ಡಬ್ಬದ ಮೇಲೆ 4800, 5760 ಡಿಪಿಐ ಅಂತಿದ್ರೆ ಗಾಬರಿ ಆಗಬೇಡಿ. ಅದು ಇಂಕಿನ ಹನಿಗಳ ಎಣಿಕೆ. ಒಂದು ಪಿಕ್ಸೆಲ್ಲಿನ ಬಣ್ಣ ಮಾಡೋಕೆ ತುಂಬಾ ಹನಿ ಬೇಕು. ಆದ್ದರಿಂದ ನಮ್ಮ 300ರ ಲೆಕ್ಕ ಹಾಗೇ ಇರುತ್ತೆ.

ಈಗ ದುಡ್ಡು. ನಮಗೆ ಅಂಗಡಿಯಲ್ಲಿ ಹೇಳಿದ ಬೆಲೆ ಹಾಕ್ತೀವಿ, ನೀವು ನಿಮ್ಮೂರಿನ ಬೆಲೆ ಹಾಕ್ಕೊಳ್ಳಿ. ಡೈ ಸಬ್ಲಿಮೇಷನ್ 12,000, ಪ್ರತಿ ಪ್ರಿಂಟಿಗೆ ಕಾಗದ ರಿಬ್ಬನ್ ಸೇರಿ 25. ಇಂಕ್ ಟ್ಯಾಂಕ್ 13,000, ಪ್ರತಿ ಪ್ರಿಂಟಿಗೆ ಗ್ಲಾಸಿ ಪೇಪರ್ 6, ಇಂಕು ಜಾಸ್ತಿಯೇ ಹಿಡಿದು 2, ಒಟ್ಟು 8. ಪೇಟೆ ಸ್ಟುಡಿಯೋದಲ್ಲಿ 15. ವರ್ಷಕ್ಕೆ 200 ಫೋಟೋ, ಮೂರು ವರ್ಷಕ್ಕೆ 600 ಅಂತಿಟ್ಕೊಂಡ್ವಿ.

ಡೈ ಸಬ್ಲಿಮೇಷನ್: 12,000 + 600×25 = 27,000. ಒಂದಕ್ಕೆ 45.
ಇಂಕ್ ಟ್ಯಾಂಕ್: 13,000 + 600×8 = 17,800. ಒಂದಕ್ಕೆ ಸುಮಾರು 30.
ಸ್ಟುಡಿಯೋ: 600×15 = 9,000. ಒಂದಕ್ಕೆ 15.

ನೋಡಿ, ಸ್ಟುಡಿಯೋನೇ ಅಗ್ಗ! ನಾವಿದನ್ನ ಫೋನಿನಲ್ಲಿ ಅಪ್ಪನಿಗೆ ಹೇಳಿದ್ವಿ, ಪ್ರಿಂಟರ್ ಬೇಡ ಅಂತಾನೂ ಹೇಳಿದ್ವಿ. ಅವ್ರು ನಕ್ಕು, "ಮೂರು ವರ್ಷ ನನ್ ಫೋನಲ್ಲಿದ್ದ ಫೋಟೋ ಒಂದಾದ್ರೂ ಸ್ಟುಡಿಯೋಗೆ ಹೋಗಿದ್ಯಾ?" ಅಂದ್ರು. ಅದು ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಪೇಟೆಗೆ ಹೋದಾಗ ಹಾಕ್ಸೋಣ ಅಂದ್ಕೊಂಡ ಫೋಟೋ ಪ್ರಿಂಟ್ ಆಗೋದೇ ಇಲ್ಲ.

ನಳಿಕೆ ಒಣಗೋ ಭಯಕ್ಕೆ ನಾವು ಡೈ ಸಬ್ಲಿಮೇಷನ್ ಕಡೆ ವಾಲಿದ್ವಿ. ಅಷ್ಟರಲ್ಲಿ ಗೊತ್ತಾಯ್ತು, ಎಂಟನೇ ಕ್ಲಾಸಿನ ತಂಗಿಗೆ ವಾರಕ್ಕೊಂದು ಪ್ರಾಜೆಕ್ಟ್, ಪ್ರತಿ ಸಲ ಕಲರ್ ಪ್ರಿಂಟಿಗೆ ಅಪ್ಪ ಬೈಕ್ ಹತ್ತಬೇಕು. ಆ ಮನೆಯಲ್ಲಿ ಪ್ರಿಂಟರ್ ವಾರ ವಾರ ಓಡುತ್ತೆ ಅಂದ್ರೆ ನಳಿಕೆ ಒಣಗೋ ಪ್ರಶ್ನೆಯೇ ಬರಲ್ಲ. ಇಂಕ್ ಟ್ಯಾಂಕ್ ತಗೊಂಡ್ವಿ. ಬರೀ ಹಬ್ಬಕ್ಕೆ ಪ್ರಿಂಟ್ ಹಾಕೋ ಮನೆ ಆದ್ರೆ ಡೈ ಸಬ್ಲಿಮೇಷನ್ನೇ ಸರಿ.

ಇಂಕ್ ಟ್ಯಾಂಕ್ ತಗೊಳ್ಳುವಾಗ ಎರಡು ವಿಷಯ ಕೇಳಿ. ಬಾರ್ಡರ್ ಇಲ್ಲದೆ ಯಾವ ಸೈಜಿನವರೆಗೆ ಪ್ರಿಂಟ್ ಆಗುತ್ತೆ? ಕೆಲವದರಲ್ಲಿ 4×6ಕ್ಕೆ ಮಾತ್ರ. ಎಷ್ಟು ಬಣ್ಣ? ನಾಲ್ಕು ಸಾಮಾನ್ಯ. ಆರು ಬಣ್ಣದ್ದರಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಇದ್ರೆ ಚರ್ಮದ ಬಣ್ಣ ನುಣುಪಾಗಿ ಬರುತ್ತೆ, ಬೆಲೆ ಜಾಸ್ತಿ. ನಮ್ಮದು ನಾಲ್ಕೇ. ಗೋಡೆಗೆ ಹಾಕೋ ದೊಡ್ಡ ಪ್ರಿಂಟನ್ನ ಮಾತ್ರ ಶಿವಮೊಗ್ಗದ ಲ್ಯಾಬಿಗೆ ಕೊಡೋದು ಅಂತ ತೀರ್ಮಾನ ಆಯ್ತು.

ಕ್ಯಾಮೆರಾ 15,000, ಪ್ರಿಂಟರ್ 13,000, ಕಾರ್ಡು, ಪೇಪರು, ಇತರೆ 1,700. ಒಟ್ಟು 29,700. ಉಳಿದ 300 ವಾಪಸ್ ಕೊಡೋಕೆ ಹೋದ್ವಿ, ಅವ್ರು ತಗೊಳ್ಳಲಿಲ್ಲ.

ಮಲೆನಾಡಿನ ಮಳೆಗೆ

ಆ 1,700ರಲ್ಲಿ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದಕ್ಕೆ ಹಾಕೋಕೆ ಸಿಲಿಕಾ ಜೆಲ್ ಕೂಡ ಸೇರಿದೆ. ತೇವ ಮತ್ತು ಕತ್ತಲು ಸಿಕ್ಕಿದ್ರೆ ಲೆನ್ಸ್ ಒಳಗೆ ಫಂಗಸ್ ಬೆಳೆಯುತ್ತೆ. ಕ್ಯಾಮೆರಾನ ಬಟ್ಟೆ ಬ್ಯಾಗಲ್ಲಿ ಬೀರು ಒಳಗೆ ಇಡೋದು ಎಲ್ಲಕ್ಕಿಂತ ಕೆಟ್ಟದ್ದು. ಫೋಟೋ ಪೇಪರ್ ಕೂಡ ಬಿಗಿ ಕವರಿನಲ್ಲೇ ಇರಲಿ, ತೇವ ಕುಡಿದ್ರೆ ಮುದುಡುತ್ತೆ. ಫ್ರೇಮ್ ಹಾಕುವಾಗ ಫೋಟೋ ಗಾಜಿಗೆ ನೇರ ತಾಗದ ಹಾಗೆ ಸುತ್ತ ಮೌಂಟ್ ಹಾಕ್ಸಿ. ಇಲ್ಲದಿದ್ರೆ ಎರಡು ಮಳೆಗಾಲಕ್ಕೆ ಅಂಟಿಕೊಳ್ಳಬಹುದು. ಬಿಸಿಲು ನೇರ ಬೀಳೋ ಗೋಡೆ ಬೇಡ, ಡೈ ಇಂಕು ಮಾಸುತ್ತೆ.

ದೀಪಾವಳಿ

ಅಜ್ಜಿ ಫೋಟೋ ತೆಗೆಯೋಕೆ ಮೊದಲು ದೇವರ ಕೋಣೆ ಹತ್ತಿರ ಕೂರಿಸಿದ್ವಿ. 55 ಮಿಲಿಮೀಟರ್, ಎಫ್ 5.6, ಐಎಸ್‌ಒ 400. ಶಟರ್ 1/6 ಸೆಕೆಂಡ್ ತೋರಿಸ್ತು, ಕೈ ಅಲ್ಲಾಡಿ ಎಲ್ಲಾ ಮಸುಕು. ಅದೇ ಕುರ್ಚಿನ ಜಗಲಿ ಬಾಗಿಲ ಹತ್ತಿರ, ಅಂಗಳದ ಬೆಳಕು ಮುಖದ ಒಂದು ಕಡೆಯಿಂದ ಬೀಳೋ ಹಾಗೆ ಹಾಕಿದ್ವಿ. ಬೇರೆ ಏನೂ ಬದಲಾಯಿಸದೆ ಶಟರ್ 1/125ಕ್ಕೆ ಬಂತು. ಹತ್ತು ಹೆಜ್ಜೆ ನಡೆದಿದ್ದಕ್ಕೆ 20 ಪಟ್ಟು ಬೆಳಕು. ಹೊಸ ಲೆನ್ಸ್ ಬೇಕು ಅಂತ ಅನ್ಸಿದಾಗೆಲ್ಲ ಮೊದಲು ಕುರ್ಚಿ ಎತ್ತಿ.

ಫೋಟೋ ತೆಗೆದ ಮೇಲೆ ಅಜ್ಜನ ಫ್ರೇಮಿನ ಮಾತು ಬಂತು. ಕಳೆದುಹೋದ ಪಿಕ್ಸೆಲ್ ಯಾವ ಕ್ಯಾಮೆರಾದಿಂದಲೂ ವಾಪಸ್ ಬರಲ್ಲ. ಆದ್ರೆ ಹಬ್ಬಕ್ಕೆ ಬಂದಿದ್ದ ದೊಡ್ಡಪ್ಪನ ಮಗ, ಆ ಗ್ರೂಪ್ ಫೋಟೋ ತೆಗೆದವನು ತಾನೇ ಅಂದ. ಅವನ ಹಳೇ ಮೆಮೊರಿ ಕಾರ್ಡಿನಲ್ಲಿ ಮೂಲ ಫೈಲ್ ಇನ್ನೂ ಇತ್ತು, 4000 ಪಿಕ್ಸೆಲ್ ಅಗಲದ್ದು. ಎರಡೂವರೆ ಪಟ್ಟು. ಅದರಲ್ಲಿ ಅಜ್ಜ 625 ಪಿಕ್ಸೆಲ್. 10 ಇಂಚಿನ ಫ್ರೇಮಿಗೆ ಹಾಕಿದ್ರೆ ಇಂಚಿಗೆ 62, ಒಂದು ಅಡಿ ದೂರಕ್ಕೆ ಆಗಲೂ ಸಾಲದು. 4×6ಕ್ಕೆ ಹಾಕಿದ್ರೆ ಇಂಚಿಗೆ 156. ನಾವು ಲೆಕ್ಕ ಹಾಕಿದ 290 ಅಲ್ಲ, ಆದ್ರೆ ಕಣ್ಣು ಕಣ್ಣಾಗಿ ಕಾಣುತ್ತೆ.

ಮನೆ ಪ್ರಿಂಟರಿನಿಂದ ಬಂದ ಮೊದಲ ಫೋಟೋ ಅದೇ. ಇಷ್ಟು ಚಿಕ್ಕದಾ ಅಂತ ಎಲ್ರೂ ಅಂದ್ರು. ಅಜ್ಜಿ ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ರು. "ಅಡ್ಡಿಲ್ಲ, ಇದು ಅವ್ರೇ" ಅಂದ್ರು. ಈಗ ದೊಡ್ಡ ಫ್ರೇಮ್ ಇಳಿಸಿ ಅದೇ ಮೊಳೆಗೆ ಚಿಕ್ಕದನ್ನ ಹಾಕಿದಾರೆ.

ನೆನಪಿಡೋಕೆ

1. ಪ್ರಿಂಟ್ ಸೈಜು ಮತ್ತು ನೋಡೋ ದೂರ ಮೊದಲು, ಮೆಗಾಪಿಕ್ಸೆಲ್ ಆಮೇಲೆ.
2. ಮೆಗಾಪಿಕ್ಸೆಲ್ಲಿಗಿಂತ ಸೆನ್ಸರ್ ಅಳತೆ ಮುಖ್ಯ, ಸೆನ್ಸರಿಗಿಂತ ಬೆಳಕು ಮುಖ್ಯ.
3. ಪ್ರಿಂಟರ್ ಬೆಲೆ ನೋಡಬೇಡಿ, ಒಂದು ಪ್ರಿಂಟಿಗೆ ಎಷ್ಟು ನೋಡಿ. ವಾರ ವಾರ ಓಡೋದಾದ್ರೆ ಇಂಕ್ ಟ್ಯಾಂಕ್, ಅಪರೂಪಕ್ಕಾದ್ರೆ ಡೈ ಸಬ್ಲಿಮೇಷನ್, ದೊಡ್ಡ ಸೈಜಿಗೆ ಲ್ಯಾಬ್.
4. ಪ್ರಿಂಟ್ ಹಾಕ್ಸೋ ಫೋಟೋನ ಮೆಸೇಜಿನಲ್ಲಿ ಫೋಟೋ ಥರ ಕಳಿಸಬೇಡಿ, ಡಾಕ್ಯುಮೆಂಟ್ ಥರ ಕಳಿಸಿ. ಆಗ ಕುಗ್ಗಲ್ಲ.
5. ಮೂಲ ಫೈಲ್ ಎರಡು ಜಾಗದಲ್ಲಿರಲಿ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೀರಿ.

ಕ್ಯಾಮೆರಾ ಪ್ರಿಂಟರ್ ಕೊಳ್ಳೋಕೆ ಆಗದಿದ್ರೂ ಪರವಾಗಿಲ್ಲ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನ ಬಾಗಿಲ ಹತ್ತಿರ ಕೂರಿಸಿ, ಇರೋ ಫೋನಿನಲ್ಲೇ ಒಂದು ಫೋಟೋ ತೆಗೀರಿ. ಬಸ್ ಹತ್ತೋ ಮೊದಲು 15 ರೂಪಾಯಿ ಕೊಟ್ಟು ಪ್ರಿಂಟ್ ಹಾಕ್ಸಿ. ಲೆಕ್ಕದಲ್ಲಿ ತಪ್ಪಿದ್ರೆ ಕಾರಿಡಾರಲ್ಲಿ ಸಿಕ್ಕಾಗ ಹೇಳಿ, ತಿದ್ಕೋತೀವಿ.